ಊರ ಮುಂದಿನ ವೀರಗಲ್ಲು ಮತ್ತು ನಮ್ಮ ಮಕ್ಕಳು

ಇತಿಹಾಸವೆಂದೊಡನೆ ನಮ್ಮ ಮಕ್ಕಳ ಕಣ್ಣೆದುರು ಅರಸರ ಪಟ್ಟಾಭಿಷೇಕಗಳೂ ದಂಡಯಾತ್ರೆಗಳೂ ಬಂದು ನಿಲ್ಲುತ್ತವೆ. ತಮ್ಮ ಊರಿನ ಸಾಮಾನ್ಯನಿಗೂ ಚರಿತ್ರೆಯಲ್ಲಿ ಸ್ಥಾನವುಂಟೆಂಬ ಅರಿವು ಅವರಿಗೆ ಇರುವುದಿಲ್ಲ. ಆದರೆ ವಾಚಕರೇ, ನಮ್ಮ ಪೂರ್ವಿಕರಿಗೆ ಆ ಅರಿವಿತ್ತು. ನಾಡಿನುದ್ದಕ್ಕೂ ನಿಂತಿರುವ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ.

ಇವುಗಳಲ್ಲಿ ಬಹಳಷ್ಟು ಅರಸರ ಸ್ಮಾರಕಗಳಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ತುರುಗಳನ್ನು ಮರಳಿಸಿ ಮಡಿದವರು. ಊರಳಿವಿನಲ್ಲಿ ಹೋರಾಡಿ ಬಿದ್ದವರು. ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಪ್ರಾಣವಿತ್ತವರು. ಇಂಥವರ ನೆನಪಿಗೆ ನೆಟ್ಟ ಕಲ್ಲುಗಳಿವು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುವ ಈ ಶಿಲ್ಪವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅಕ್ಷರವರಿಯದ ಬಾಲಕನೂ ಓದಬಲ್ಲ ಪುಸ್ತಕವಿದು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಮಕ್ಕಳಿಗೆ ಹೇಳಿನೋಡಿರಿ. ಕ್ರಿ.ಶ. 949–50ರ ಈ ಕಲ್ಲು ರಾಷ್ಟ್ರಕೂಟ ಮೂರನೆಯ ಕೃಷ್ಣನನ್ನೂ ಗಂಗರ ಬೂತುಗನನ್ನೂ ತಕ್ಕೋಲದ ಯುದ್ಧವನ್ನೂ ಸ್ಮರಿಸುತ್ತದೆ. ಅದರ ಮೇಲೆ ಕೆತ್ತಿರುವ ಚಿತ್ರವಾದರೋ ಕಾಡುಹಂದಿಯೊಡನೆ ಸೆಣಸಿ ಸತ್ತ ‘ಕಾಳಿ’ ಎಂಬ ನಾಯಿಯದು! ಬೂತುಗನ ಸೇವಕ ಮಣಲೇರನು ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ಬೇಡಿ ಪಡೆದದ್ದು ಈ ನಾಯಿಯನ್ನು. ಅದರ ಕಲ್ಲಿಗೆ ಭೂಮಿಯನ್ನು ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲೆಂದು ಬರೆಸಿದರು. ನಾಯಿಯ ಉಪಕಾರವನ್ನೂ ಮರೆಯಲೊಪ್ಪದ ನಾಡು ನಮ್ಮದು.

ಹನ್ನೆರಡನೆಯ ಶತಮಾನದಲ್ಲಿ ಈ ಗೌರವವು ಕತ್ತಿಯಿಂದ ಕಾಯಕದ ಕಡೆಗೆ ತಿರುಗಿತು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿಯೇ ಬಟ್ಟೆ ಒಗೆದ, ದೋಣಿ ನಡೆಸಿದ, ಹಗ್ಗ ಹೊಸೆದ ಕೈಗಳ ನೆನಪು ಉಳಿದಿದೆ.

ಇದನ್ನು ಮಕ್ಕಳಿಗೆ ಹೇಳುವುದು ಅತ್ಯವಶ್ಯ. ವೀರಗಲ್ಲನ್ನಷ್ಟೇ ತೋರಿಸಿದರೆ, ಕೊಂದು ಸಾಯುವುದೇ ವೀರವೆಂದು ಅವರು ತಿಳಿದಾರು. ಪಾವಗಡದ ಸೂಲಗಿತ್ತಿ ನರಸಮ್ಮನವರು ಆಸ್ಪತ್ರೆಗಳಿಲ್ಲದ ಹಳ್ಳಿಗಳಲ್ಲಿ ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪುರಸ್ಕೃತರಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು, ತಮಗೆ ದೊರೆಯದ ವಿದ್ಯೆ ಊರ ಮಕ್ಕಳಿಗೆ ದೊರೆಯಲೆಂದು ತಮ್ಮ ಅಲ್ಪ ಗಳಿಕೆಯನ್ನು ಕೂಡಿಟ್ಟು ಶಾಲೆ ತರಿಸಿದರು. ಒಬ್ಬರು ಜೀವವನ್ನು ಕಾಯ್ದರು, ಮತ್ತೊಬ್ಬರು ಬಾಳಿಗೆ ಬೆಳಕನ್ನಿತ್ತರು. ತುರುಗಳನ್ನು ಮರಳಿಸಿದವನ ಸಾಲಿನಲ್ಲಿಯೇ ಇವರನ್ನು ನಿಲ್ಲಿಸಬೇಕು.

ಪದ್ಮಶ್ರೀ ಎಲ್ಲರನ್ನೂ ಅರಸಿ ಬರುವುದಿಲ್ಲ. ಬೆಳಗಿನ ಜಾವ ಬೀದಿ ಗುಡಿಸುವಾಕೆ, ಮಳೆಗಾಳಿಯಲ್ಲಿ ವಿದ್ಯುತ್ ಕಂಬವೇರುವವನು, ಕೆರೆಯ ತೂಬನ್ನು ಕಾಯುವ ನೀರುಗಂಟಿ, ಇವರ ಹೆಸರುಗಳನ್ನು ನಮ್ಮ ಮನೆಯ ಮಕ್ಕಳು ಬಲ್ಲರೆ? ಪ್ರಸಾದನಿಲಯಗಳಲ್ಲಿ ಉಂಡು ಕಲಿತ ಹಳೆಯ ವಿದ್ಯಾರ್ಥಿಗಳೇ, ಅಂದು ನಿಮಗಾಗಿ ಒಲೆಯ ಮುಂದೆ ಬೆಂದವರ ಹೆಸರನ್ನು ನಿಮ್ಮ ಮಕ್ಕಳಿಗೆ ಹೇಳಿರುವಿರಾ?

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಬಿಡುವಿನ ಒಂದು ದಿನ ಮಕ್ಕಳನ್ನು ಸಮೀಪದ ವೀರಗಲ್ಲಿನ ಬಳಿಗೆ ಕರೆದೊಯ್ಯಿರಿ. ಅದು ಮಣ್ಣಿನಲ್ಲಿ ಹೂತಿದ್ದರೆ, ಒಗೆಯುವ ಕಲ್ಲಾಗಿದ್ದರೆ, ಊರವರಿಗೆ ಅದರ ಬೆಲೆಯನ್ನು ತಿಳಿಸಿರಿ. ಪಟ್ಟಿಕೆಗಳ ಕಥೆಯನ್ನು ಮಕ್ಕಳ ಬಾಯಿಂದಲೇ ಹೇಳಿಸಿರಿ. ಅನಂತರ, “ಇಂದು ನಮ್ಮೂರಿನಲ್ಲಿ ಕಲ್ಲು ನಿಲ್ಲಿಸುವುದಾದರೆ ಯಾರಿಗೆ?” ಎಂದು ಕೇಳಿರಿ. ಅವರು ಹೆಸರಿಸಿದವರ ಮನೆಗೆ ಅವರನ್ನೇ ಕಳುಹಿಸಿ, ಆ ಹಿರಿಯರ ದುಡಿಮೆಯ ಕಥೆಯನ್ನು ಕೇಳಿ ಬರೆದುಕೊಂಡು ಬರಲು ಹೇಳಿರಿ. ಸತ್ತ ಮೇಲೆ ಕಲ್ಲು ನೆಡುವುದಕ್ಕಿಂತ, ಇರುವಾಗ ಹೋಗಿ ಕೈಮುಗಿಯುವುದು ಮೇಲು.