ಊರಿಗೆ ಆರೋಗ್ಯದ ತಿಳಿವಳಿಕೆ: ಖರ್ಚು ಯಾರದು?

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೋದವರು ಸಾಮಾನ್ಯವಾಗಿ ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನೂ ನವಿಲುಗಳನ್ನೂ ನೋಡಿ ಮರಳುತ್ತಾರೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೆಯನ ಹೆಸರು ಹೊತ್ತ ಈ ಊರು ಒಂದು ಕಾಲಕ್ಕೆ ದೊಡ್ಡ ಜೈನ ವಿದ್ಯಾಕೇಂದ್ರ. ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಇಲ್ಲಿ. ಗಂಗರ ಮಾರಸಿಂಹ 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದೂ ಇಲ್ಲಿಯೇ.

ಜೈನ ಶ್ರಾವಕರಿಗೆ ವಿಧಿಸಲಾಗಿದ್ದ ದಾನಗಳು ನಾಲ್ಕು: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಭೈಷಜ್ಯವೆಂದರೆ ಔಷಧ, ಶಾಸ್ತ್ರವೆಂದರೆ ತಿಳಿವಳಿಕೆ. ಶಾಸ್ತ್ರದಾನ ಮುಖ್ಯವಾಗಿ ಧರ್ಮಗ್ರಂಥಗಳಿಗೆ ಸಂಬಂಧಿಸಿದ್ದು, ನಿಜ. ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಈ ಬಗೆಯ ದಾನವೇ. ಆದರೂ ಔಷಧ ಕೊಡುವುದು ಬೇರೆ, ತಿಳಿವಳಿಕೆ ಕೊಡುವುದು ಬೇರೆ, ಎರಡಕ್ಕೂ ಯಾರಾದರೂ ಕೈಯಿಂದ ಖರ್ಚು ಮಾಡಲೇಬೇಕು ಎಂಬ ಲೆಕ್ಕ ಸಾವಿರ ವರ್ಷಗಳ ಹಿಂದೆಯೇ ಇತ್ತು. ಮುಂದಿನ ಶತಮಾನಗಳಲ್ಲಿ ಮತ್ತೆ ಮತ್ತೆ ಮರೆತುಹೋದದ್ದು ಇದರಲ್ಲಿ ಎರಡನೆಯದು.

ಔಷಧಕ್ಕೆ ಹಣ ಹೇಗೆ ಬರುತ್ತಿತ್ತು ಎಂಬುದಕ್ಕೆ ಹಿರೇಕೆರೂರಿನಿಂದ ಹೆಚ್ಚು ದೂರವಿಲ್ಲದ ಬಳ್ಳಿಗಾವಿಯಲ್ಲಿ ಉತ್ತರವಿದೆ. ಅಲ್ಲಿನ ಕೋಡಿಯಮಠ ಕಾಳಾಮುಖ ಶೈವರದು. 1162ರ ಶಾಸನವೊಂದು ಆ ಮಠದಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ಬಡವರಿಗೆ, ಕುಂಟರಿಗೆ, ಕುರುಡರಿಗೆ ಅನ್ನವಿಕ್ಕುವ ತಾಣವೆಂದೂ ಅನಾಥ ರೋಗಿಗಳಿಗೆ ಚಿಕಿತ್ಸೆ ನೀಡುವ ತಾಣವೆಂದೂ ಅದನ್ನು ಬಣ್ಣಿಸುತ್ತದೆ. ಪಾಠಶಾಲೆ, ಅನ್ನಛತ್ರ, ದವಾಖಾನೆ ಮೂರೂ ಒಂದೇ ಅಂಗಳದಲ್ಲಿ. ಇಂಥ ಮಠಗಳಿಗೆ ಆಧಾರ ದತ್ತಿ ಭೂಮಿ. ಊರಿನ ಹೊಲದ ಹುಟ್ಟುವಳಿಯೇ ಮಠದ ಖರ್ಚಿಗೆ ಮೂಲವಾಗಿದ್ದುದರಿಂದ ದೊರೆ ಬದಲಾದರೂ ಕೆಲಸ ನಿಲ್ಲುತ್ತಿರಲಿಲ್ಲ.

ತಿಳಿವಳಿಕೆಯೂ ನಿಧಾನವಾಗಿ ಜನರ ಭಾಷೆಗೆ ಇಳಿದಿತ್ತು. ಅಮೋಘವರ್ಷನ ಕಾಲದ ಉಗ್ರಾದಿತ್ಯ 'ಕಲ್ಯಾಣಕಾರಕ'ವನ್ನು ಬರೆದದ್ದು ಸಂಸ್ಕೃತದಲ್ಲಿ. 12ನೇ ಶತಮಾನದ ಹೊತ್ತಿಗೆ ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಕನ್ನಡದಲ್ಲಿ ಬರೆದ. ಚಾಲುಕ್ಯ ಮನೆತನದ ಕೀರ್ತಿವರ್ಮ ದನಕರುಗಳ ರೋಗಗಳಿಗೆಂದು 'ಗೋವೈದ್ಯ' ರಚಿಸಿದ. 14ನೇ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷಚಿಕಿತ್ಸೆಯ ಗ್ರಂಥ. ಆದರೆ ಓಲೆಗರಿಯ ಕಟ್ಟು ರೈತನ ಮನೆಗೆ ಬರುವುದಿಲ್ಲ. ಅದು ಮಠ, ಬಸದಿ, ವೈದ್ಯ ಮನೆತನಗಳಲ್ಲಿ ಉಳಿಯಿತು. ಊರವರಿಗೆ ಸಿಕ್ಕಿದ್ದು ವೈದ್ಯನ ಬಾಯಿಂದ ಬಂದಷ್ಟೇ.

ಬ್ರಿಟಿಷರ ಕಾಲದಲ್ಲಿ ಬಂಕಾಪುರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1869ರ ಕಾಯಿದೆಯ ಪ್ರಕಾರ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ 'ಲೋಕಲ್ ಫಂಡ್' ಕರ ಬಿತ್ತು. ಮೂರರಲ್ಲಿ ಎರಡು ಪಾಲು ರಸ್ತೆ ಮೊದಲಾದ ಕಾಮಗಾರಿಗೆ, ಒಂದು ಪಾಲು ಶಾಲೆಗೆ. ದವಾಖಾನೆಗಳ ಖರ್ಚಿಗೂ, ಊರೂರು ಅಲೆದು ದೇವಿ ಹಾಕುವವರ ಪಗಾರಕ್ಕೂ ಸರ್ಕಾರ, ಲೋಕಲ್ ಫಂಡ್, ಪುರಸಭೆಗಳು ಪಾಲು ಹಾಕಿದವು. ಅಂದರೆ ಆ ವೆಚ್ಚದಲ್ಲಿ ಒಕ್ಕಲಿಗನ ಪಾಲೂ ಇತ್ತು. ಎಷ್ಟು ಮಕ್ಕಳಿಗೆ ದೇವಿ ಹಾಕಲಾಯಿತು ಎಂಬುದನ್ನು ವರ್ಷವರ್ಷವೂ ಎಣಿಸಲಾಗುತ್ತಿತ್ತು. ಯಾಕೆ ಹಾಕಿಸಬೇಕೆಂದು ತಾಯಂದಿರಿಗೆ ತಿಳಿಹೇಳುವುದಕ್ಕೆ ಪ್ರತ್ಯೇಕ ಬಾಬು ಇರಲಿಲ್ಲ.

ಇದರ ಬೆಲೆ ಏನೆಂಬುದು ಪ್ಲೇಗಿನ ವರ್ಷಗಳಲ್ಲಿ ಗೊತ್ತಾಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ 1898ರ ವೇಳೆಗೆ ಹುಬ್ಬಳ್ಳಿ, ಧಾರವಾಡಗಳನ್ನು ಹಿಡಿದಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ವಿಪರೀತ ಅಧಿಕಾರ ಕೊಟ್ಟಿತು. ಮನೆ ಶೋಧಿಸುವುದು, ರೋಗಿಯನ್ನು ಒಯ್ಯುವುದು, ರೈಲಿನಲ್ಲಿ ಪ್ರಯಾಣಿಕರನ್ನು ತಡೆಯುವುದು ಎಲ್ಲಕ್ಕೂ ಹಣವಿತ್ತು. ಹಲವು ಪುರಸಭೆಗಳ ಬೊಕ್ಕಸ ಈ ಖರ್ಚಿನಿಂದ ಸೊರಗಿತು. ಆಸ್ಪತ್ರೆಗೆ ಹೋದವರನ್ನು ಅಲ್ಲಿಯೇ ಕೊಲ್ಲುತ್ತಾರೆ ಎಂಬ ವದಂತಿ ಮಾತ್ರ ಯಾವ ಖರ್ಚೂ ಇಲ್ಲದೆ ಊರಿಂದೂರಿಗೆ ಹರಡಿತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯಾದದ್ದು 1897ರ ಜೂನ್‌ನಲ್ಲಿ. ಮರುವರ್ಷ ಮೈಸೂರು ಸಂಸ್ಥಾನದಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಜನ ದಂಗೆ ಎದ್ದರು.

ಬಂಕಾಪುರದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ ಅದೇ ವರ್ಷ ನಡೆದದ್ದು ಬೇರೆ. ಹಾಫ್ಕಿನ್ ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು ಡಾ. ಲ್ಯೂಮನ್ ಅಲ್ಲಿ ಹಾಕತೊಡಗಿದರು. ಕೆಲವೇ ತಿಂಗಳಲ್ಲಿ 35 ಸಾವಿರಕ್ಕೂ ಹೆಚ್ಚು ಜನ ಸೂಜಿ ಹಾಕಿಸಿಕೊಂಡರು. ಊರಿನ ಅಂದಿನ ಜನಸಂಖ್ಯೆ ಸುಮಾರು 50 ಸಾವಿರ. ಲಸಿಕೆ ಹಾಕಿಸಿಕೊಂಡವರಿಗೆ ನಿರ್ಬಂಧಗಳಿಂದ ವಿನಾಯಿತಿಯ ಆಸೆಯೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಹೆಚ್ಚಿನ ಕೆಲಸ ಮಾಡಿದ್ದು ಕಣ್ಣಿಗೆ ಕಂಡ ಸತ್ಯ. ಮಿಲ್ಲಿನಲ್ಲಿ, ರೈಲ್ವೆ ಕಾರ್ಖಾನೆಯಲ್ಲಿ ಪಕ್ಕದಲ್ಲಿ ನಿಂತು ದುಡಿಯುವವನು ಸೂಜಿ ಹಾಕಿಸಿಕೊಂಡು ಬದುಕಿದ್ದನ್ನು ಕಂಡವರು ಮನೆಗೆ ಹೋಗಿ ಹೇಳಿದರು. ಆ ಪ್ರಚಾರಕ್ಕೆ ಯಾರೂ ಹಣ ಕೊಡಲಿಲ್ಲ.

ಹೇಳುವ ಕೆಲಸವೂ ಒಂದು ಉದ್ಯೋಗ ಎಂಬ ಭಾವನೆ ಕನ್ನಡ ನಾಡಿಗೆ ಬಂದದ್ದು ಮೈಸೂರಿನ ಕಡೆಯಿಂದ. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸಂಸ್ಥಾನದ ಆರೋಗ್ಯ ಇಲಾಖೆಗೆ ನೆರವಾಯಿತು. ಕ್ಲೋಸ್‌ಪೇಟೆ ಎಂದು ಕರೆಯಲಾಗುತ್ತಿದ್ದ ರಾಮನಗರದಲ್ಲಿ 1930ರ ದಶಕದಲ್ಲಿ ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ಪ್ರತಿಷ್ಠಾನದ ರೀತಿ ಸರಳ: ಮೊದಲು ಮಾದರಿ ತೋರಿಸುವುದು, ಖರ್ಚಿನ ಪಾಲನ್ನು ವರ್ಷವರ್ಷ ಕಡಿಮೆ ಮಾಡುತ್ತ ಹೋಗುವುದು, ಕೊನೆಗೆ ಸರ್ಕಾರಕ್ಕೆ ಒಪ್ಪಿಸಿ ಹೊರಡುವುದು. ಮಾದರಿ ಚೆನ್ನಾಗಿಯೇ ಇತ್ತು. ಸರ್ಕಾರದ ಬಜೆಟ್ಟು ಬಿಗಿಯಾದಾಗ ಇಂಥ ಮಾದರಿಗಳಲ್ಲಿ ಮೊದಲು ಕತ್ತರಿ ಬೀಳುವುದು ಮಾತಿನ ಖರ್ಚಿಗೆ, ಕಟ್ಟಡಕ್ಕಲ್ಲ. ಕಟ್ಟಡಕ್ಕೆ ಉದ್ಘಾಟನೆ ಇರುತ್ತದೆ, ಮಾತಿಗೆ ಎಲ್ಲಿಯ ಕಲ್ಲು?

1956ರ ಏಕೀಕರಣದಿಂದ ಬಂಕಾಪುರವೂ ರಾಮನಗರವೂ ಒಂದೇ ರಾಜ್ಯಕ್ಕೆ ಬಂದವು. 1977ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಊರಿನವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡುವ ಯೋಜನೆ ತಂದಿತು. ಗೌರವಧನ ತಿಂಗಳಿಗೆ 50 ರೂಪಾಯಿ. ಆರಂಭದಲ್ಲಿ ಈ ಯೋಜನೆಗೆ ಸೇರದೆ ಉಳಿದ ಕೆಲವು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮಲ್ಲಿ ಪರ್ಯಾಯ ವ್ಯವಸ್ಥೆ ಇದೆ ಎಂಬುದು ಕಾರಣ.

2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನರಿಗೆ ಒಬ್ಬರಂತೆ 'ಆಶಾ' ಕಾರ್ಯಕರ್ತೆಯರನ್ನು ನೇಮಿಸಿತು. ಜೊತೆಗೆ ಪ್ರತಿ ಗ್ರಾಮಕ್ಕೊಂದು ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ, ಅದಕ್ಕೆ ವರ್ಷಕ್ಕೆ 10 ಸಾವಿರ ರೂಪಾಯಿಯ ಮುಕ್ತ ನಿಧಿ. ಚರಂಡಿ ಸ್ವಚ್ಛತೆಯಿಂದ ಹಿಡಿದು ಆರೋಗ್ಯ ಪ್ರಚಾರದವರೆಗೆ ಯಾವುದಕ್ಕೆ ಖರ್ಚು ಮಾಡಬೇಕೆಂಬುದನ್ನು ಊರಿನವರೇ ನಿರ್ಧರಿಸಬಹುದು. ಕೋಡಿಯಮಠದ ದತ್ತಿಯ ನೆನಪು ತರುವ ಏರ್ಪಾಡು ಇದು. ಆದರೆ ಸಾವಿರ ಜನರ ಹಳ್ಳಿಗೆ ಹಂಚಿದರೆ ತಲೆಗೆ ವರ್ಷಕ್ಕೆ 10 ರೂಪಾಯಿ. ತಿಂಗಳಿಗೆ ಒಂದು ರೂಪಾಯಿಯೂ ಆಗದು. 2013ರ ನಗರ ಆರೋಗ್ಯ ಅಭಿಯಾನ ಮುಖ್ಯವಾಗಿ 50 ಸಾವಿರಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳಿಗೆ ಎಂದಾಯಿತು. ಹೀಗಾಗಿ ಬಂಕಾಪುರದಂಥ ಊರಿನಲ್ಲಿ ಪುರಸಭೆಯಿದ್ದರೂ ಆರೋಗ್ಯದ ಲೆಕ್ಕದಲ್ಲಿ ಅದು ಹಳ್ಳಿಗಳ ಸಾಲಿಗೇ ಸೇರುತ್ತದೆ.

ಆಶಾ ಕಾರ್ಯಕರ್ತೆಗೆ ಹಣ ಸಿಗುವುದು ಬಹುಮಟ್ಟಿಗೆ ಎಣಿಸಬಹುದಾದ ಕೆಲಸಕ್ಕೆ: ಆಸ್ಪತ್ರೆಗೆ ಕರೆತಂದ ಹೆರಿಗೆ, ಲಸಿಕೆ ಪೂರ್ಣಗೊಂಡ ಮಗು. 2011ರಿಂದ ನವಜಾತ ಶಿಶುವಿನ ಮನೆಗೆ ನೀಡುವ ಭೇಟಿಗಳಿಗೂ ಪ್ರೋತ್ಸಾಹಧನ ಬಂದದ್ದು ಒಳ್ಳೆಯ ತಿದ್ದುಪಡಿ. ಹೆರಿಗೆಗೆ ಆಸ್ಪತ್ರೆ ಬೇಡವೆಂದು ಹಟ ಹಿಡಿದ ಅತ್ತೆಯನ್ನು ನಾಲ್ಕು ಸಂಜೆ ಕೂತು ಒಪ್ಪಿಸಿದರೆ ಅದು ಯಾವ ಕಾಲಂಗೂ ಹೋಗುವುದಿಲ್ಲ. ಸೊಸೆ ಕೊನೆಗೆ ತವರಿಗೆ ಹೋಗಿ ಅಲ್ಲಿ ಹೆತ್ತರೆ ಆ ನಾಲ್ಕು ಸಂಜೆಗಳಿಗೆ ಏನೂ ಹುಟ್ಟುವುದಿಲ್ಲ.

2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಧರಣಿ ಕೂತಾಗ ಅವರ ಬೇಡಿಕೆಗಳಲ್ಲಿ ಎರಡು ಮುಖ್ಯವಾಗಿದ್ದವು. ಒಂದು, ತಿಂಗಳಿಗೆ ಖಚಿತ ಗೌರವಧನ. ಇನ್ನೊಂದು, ಆನ್‌ಲೈನ್ ಪೋರ್ಟಲ್‌ನಲ್ಲಿ ದಾಖಲಾಗಲಿಲ್ಲವೆಂಬ ಕಾರಣಕ್ಕೆ ಮಾಡಿದ ಕೆಲಸದ ಹಣ ತಪ್ಪಬಾರದು ಎಂಬುದು.