ನಗರ ಪುನರುಜ್ಜೀವನ: ಜನಗಣತಿ ಹೇಳುವುದೇನು?

ಹಳೆಯ ಪೇಟೆ, ಕೇರಿಗಳ ಮನೆ, ಚರಂಡಿ, ವ್ಯಾಪಾರಕ್ಕೆ ಮತ್ತೆ ಜೀವ ತುಂಬುವುದೇ ನಗರ ಪುನರುಜ್ಜೀವನ. ಅದರ ಅಗತ್ಯ ಎಲ್ಲಿದೆ ಎಂದು ತಿಳಿಯಲು ಜನಗಣತಿ ಒಳ್ಳೆಯ ದಾರಿ.

ತಮಿಳುನಾಡಿನ ಸೇಲಂ, ಧರ್ಮಪುರಿಯನ್ನೇ ನೋಡಿ. 1965ರವರೆಗೆ ಇವೆರಡೂ ಒಂದೇ ಜಿಲ್ಲೆ. 2011ರ ಗಣತಿಯಂತೆ ಸೇಲಂ ಜಿಲ್ಲೆಯ ಜನಸಂಖ್ಯೆ 34,82,056. ಅವರಲ್ಲಿ ಸುಮಾರು ಶೇ. 51 ಮಂದಿ ನಗರವಾಸಿಗಳು. ಧರ್ಮಪುರಿಯ 15,06,843 ಜನರಲ್ಲಿ ನಗರವಾಸಿಗಳು ಸುಮಾರು ಶೇ. 17 ಮಾತ್ರ. ಸೇಲಂನಲ್ಲಿ ಹಳೆಯ ಬಡಾವಣೆಗಳ ದುರಸ್ತಿ ಮುಖ್ಯ. ಧರ್ಮಪುರಿಯಲ್ಲಿ ಬೆಳೆಯುತ್ತಿರುವ ಸಣ್ಣ ಪಟ್ಟಣಗಳಿಗೆ ಈಗಲೇ ಯೋಜನೆ ಬೇಕು.

ಆದರೆ ಜಿಲ್ಲೆಯ ಸರಾಸರಿ ನಂಬಿ ಕೂತರೆ ಸಾಲದು. ಮನೆಪಟ್ಟಿಯ ಅಂಕಿಅಂಶ ವಾರ್ಡ್‌ವಾರು ಸಿಗುತ್ತದೆ. ಅದರಲ್ಲಿ ನೋಡಬೇಕಾದದ್ದು:

* ಶಿಥಿಲ ಮನೆಗಳೆಷ್ಟು?
* ನಲ್ಲಿ ನೀರು, ಶೌಚಾಲಯ, ಚರಂಡಿ ಇಲ್ಲದ ಕುಟುಂಬಗಳೆಷ್ಟು?
* ಒಂದೇ ಕೋಣೆಯಲ್ಲಿರುವವರೆಷ್ಟು?
* ಸ್ವಂತ ಮನೆಯವರೆಷ್ಟು, ಬಾಡಿಗೆಯವರೆಷ್ಟು?

ಕೊನೆಯ ಪ್ರಶ್ನೆಯೇ ನಿರ್ಣಾಯಕ. ಬಾಡಿಗೆಯವರೇ ಹೆಚ್ಚಿರುವ ಕಡೆ ಹಳೆ ಕಟ್ಟಡ ಕೆಡವಿದರೆ, ಹೊಸ ಕಟ್ಟಡದ ಲಾಭ ಮಾಲಕರಿಗೆ. ಬಡವರಿಗೆ ಊರೇ ಬಿಡಬೇಕಾದ ಪರಿಸ್ಥಿತಿ.

ಗಣತಿಗೆ ಮಿತಿಯೂ ಇದೆ. ಅದು ಆದಾಯ ಕೇಳುವುದಿಲ್ಲ, ಹಕ್ಕುಪತ್ರ ನೋಡುವುದಿಲ್ಲ. 2021ರ ಗಣತಿ ಕೊರೋನಾದಿಂದ ಮುಂದೂಡಲ್ಪಟ್ಟಿದ್ದರಿಂದ 2011ರ ಲೆಕ್ಕ ಹಳತಾಗಿದೆ. ಹಾಗಾಗಿ ಸ್ಥಳ ಸಮೀಕ್ಷೆಯೂ ಬೇಕು.

ಮಂಗಳೂರಿನ ಬಂದರ್, ಕುದ್ರೋಳಿಯಂಥ ಕಡೆಗೂ ಇದೇ ಅಳತೆಗೋಲು. ಜಮಾಅತ್‌ನ ಯುವಕರು ತಮ್ಮ ವಾರ್ಡಿನ ಕೋಷ್ಟಕ ಓದಲು ಕಲಿತರೆ, ವಾರ್ಡ್ ಸಭೆಯಲ್ಲಿ ಅಂಕಿಅಂಶ ಮುಂದಿಟ್ಟೇ ಮಾತನಾಡಬಹುದು. ಗಣತಿದಾರರು ಮನೆ ಬಾಗಿಲಿಗೆ ಬಂದಾಗ ಸರಿಯಾದ ಮಾಹಿತಿ ಕೊಡುವುದು ಅದರ ಮೊದಲ ಹೆಜ್ಜೆ.