ಮಲಗಿದ ಮನೆಯ ಮೂಗು

1960ರ ದಶಕದ ಆರಂಭಕ್ಕೆ ಜಪಾನಿನ ಅಡುಗೆಮನೆಗಳಲ್ಲಿ ಪ್ರೊಪೇನ್ ಸಿಲಿಂಡರಿನ ಬಳಕೆ ಹೆಚ್ಚುತ್ತಿತ್ತು. ಹೊಗೆಯ ಕಾಟ ತಪ್ಪಿತು, ಸೋರಿಕೆಯ ಭಯ ಒಳಗೆ ಬಂತು. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದ್ದು ನೆಲದಲ್ಲೇ ಹರಡಿಕೊಳ್ಳುತ್ತದೆ, ಒಂದು ಕಿಡಿ ಸಾಕು. ವಾಸನೆ ಬೆರೆಸಿದ್ದರೂ ನಿದ್ದೆಯಲ್ಲಿರುವವರಿಗೆ ಅದು ಗೊತ್ತಾಗಬೇಕಲ್ಲ?

ಸುತ್ತಲಿನ ಅನಿಲ ಬದಲಾದರೆ ಜರ್ಮೇನಿಯಂ ಮೇಲ್ಮೈಯ ವಿದ್ಯುತ್ ಗುಣವೂ ಬದಲಾಗುತ್ತದೆಂದು ಟ್ರಾನ್ಸಿಸ್ಟರ್ ಖ್ಯಾತಿಯ ಬ್ರಟೈನ್ ಮತ್ತು ಬಾರ್ಡೀನ್ 1953ರಲ್ಲೇ ತೋರಿಸಿದ್ದರು. 1962ರಲ್ಲಿ ಕ್ಯೂಶೂ ವಿಶ್ವವಿದ್ಯಾಲಯದ ತೆತ್ಸುರೊ ಸೆಯಾಮಾ ಮತ್ತು ಸಂಗಡಿಗರು ಸತುವಿನ ಆಕ್ಸೈಡಿನ ತೆಳುಪದರದಿಂದ ಅನಿಲ ಪತ್ತೆಹಚ್ಚಿದರು. ಅದೇ ವರ್ಷ ನಾವೊಯೊಶಿ ತಾಗುಚಿ ಇಂಥದೇ ಸಾಧನಕ್ಕೆ ಪೇಟೆಂಟ್ ಅರ್ಜಿ ಹಾಕಿದರು.

ತಾಗುಚಿಯವರ ಸೆನ್ಸರಿನಲ್ಲಿದ್ದದ್ದು ತವರದ ಆಕ್ಸೈಡಿನ ಪುಡಿ: ಸುಟ್ಟು ಗಟ್ಟಿಯಾಗಿಸಿದರೂ ಸ್ಪಂಜಿನಂತೆ ತೂತುತೂತು. ಕಾದ ಕಣಗಳ ಮೇಲೆ ಗಾಳಿಯ ಆಮ್ಲಜನಕ ಕೂತು ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ಆಗ ವಿದ್ಯುತ್ತಿಗೆ ತಡೆ ಹೆಚ್ಚು. ಸೋರಿದ ಅನಿಲ ರಂಧ್ರಗಳೊಳಗೆ ಹೊಕ್ಕು ಆ ಆಮ್ಲಜನಕದೊಡನೆ ವರ್ತಿಸಿದರೆ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ತಡೆ ಇಳಿಯುತ್ತದೆ, ಅಲಾರಂ ಕೂಗುತ್ತದೆ. ಈ ಸೆನ್ಸರುಗಳಿಗಾಗಿ 1969ರಲ್ಲಿ ಫಿಗಾರೊ ಕಂಪನಿ ಹುಟ್ಟಿತು.

ರಂಧ್ರಗಳಷ್ಟೇ ಕಣದ ಗಾತ್ರವೂ ಮುಖ್ಯವೆಂದು ಸ್ಪಷ್ಟವಾದದ್ದು 1991ರಲ್ಲಿ. ಕಣ ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕದಾದರೆ ಸಂವೇದನೆ ಥಟ್ಟನೆ ಏರುತ್ತದೆಂದು ಕ್ಯೂಶೂವಿನ ನೊಬೊರು ಯಾಮಾಜೊಯೆ ತಂಡ ಕಂಡುಕೊಂಡಿತು. ಅಷ್ಟು ಸಣ್ಣ ಕಣದಲ್ಲಿ ಮೇಲ್ಮೈಯ ಪ್ರಭಾವ ನಡುವಿನವರೆಗೂ ತಲುಪುತ್ತದೆ; ಇಡೀ ಕಣವೇ ಮೂಗಾಗುತ್ತದೆ.

ಇಂದಿಗೂ ಮನೆಯ ಅನೇಕ ಗ್ಯಾಸ್ ಅಲಾರಂಗಳ ಒಳಗಿರುವುದು ಅದೇ ತವರದ ಆಕ್ಸೈಡ್. ಎಲ್‌ಪಿಜಿ ಬಳಸುವ ಅಡುಗೆಮನೆಯಲ್ಲಿ ಅದನ್ನು ಅಳವಡಿಸಬೇಕಾದ್ದು ಸೂರಿನ ಹತ್ತಿರವಲ್ಲ, ನೆಲದ ಹತ್ತಿರ.